ಬಾಳೂ ಪಾಲವಣಕರ: ಚಪ್ಪಾಳೆ ಸಿಕ್ಕಿತು, ನಾಯಕತ್ವ ಸಿಗಲಿಲ್ಲ



ನಮ್ಮ ಭಾಗದಾಗ ಒಂದು ಗಾದೆ ಅದ. ನೀವೆಲ್ಲ ಕೇಳಿರುತ್ತೀರಿ. ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರಿಯಾಗ ಕೊಡೆ ಹಿಡಿದನಂತ. ಯಾರಾದರೂ ಹೊಸ ಗಾಡಿ ತಗೊಂಡರೆ, ಮನೆಗೆ ಸ್ಲ್ಯಾಬ್ ಹಾಕಿಸಿದರೆ, ಮಗಳು ಪಾಸಾಗಿ ನೌಕರಿ ಹಿಡಿದರೆ, ಕಟ್ಟಿ ಮೇಲೆ ಕುಂತವರ ಬಾಯಲ್ಲಿ ಈ ಗಾದೆ ಬಂದೇ ಬರುತ್ತದೆ. ಆದರೆ ಸ್ವಲ್ಪ ವಿಚಾರ ಮಾಡಿ ನೋಡ್ರಿ. ಹಗಲು ಹೊತ್ತಿನಲ್ಲಿ ಕೊಡೆ ಹಿಡಿದು ಮೇಲಿನ ಓಣಿಯೊಳಗೆ ನಡೆಯಲು ನಮ್ಮ ಮುತ್ತಜ್ಜಂದಿರಿಗೆ ಎಷ್ಟು ಊರುಗಳಲ್ಲಿ ಬಿಡುತ್ತಿದ್ದರು? ಎಷ್ಟೋ ಕಡೆ ಕಾಲಿನ ಚಪ್ಪಲಿಯನ್ನು ಕೈಯಾಗ ಹಿಡಕೊಂಡು ಹೋಗಬೇಕಾಗಿತ್ತು. ಆ ಚಪ್ಪಲಿ ಹೊಲಿದವರೂ ನಮ್ಮವರೇ. ಗಾದೆ ಕಟ್ಟಿದವರು ಅಲ್ಪ ಅಂತ ಯಾರನ್ನು ಅಂದರು, ಕೊಡೆ ಯಾರ ಸ್ವತ್ತು ಅಂತ ತಿಳಿದಿದ್ದರು ಎಂದು ನಾವು ಕೇಳುವುದೇ ಇಲ್ಲ. ಕೇಳದೆ ನಾವೂ ಅದನ್ನೇ ಅಂತೀವಿ.

ಈ ವರ್ಷದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಅಂತ ಮಂಡಳದವರು ಕೇಳಿದಾಗ, ಹಾಡಹಗಲಿನಲ್ಲಿ ಸಾವಿರಾರು ಮಂದಿಯ ಮುಂದೆ ಆ ಕೊಡೆ ಹಿಡಿದ ಒಬ್ಬರ ಬಗ್ಗೆ ಬರೆಯಬೇಕು ಅನಿಸಿತು. ಅವರ ಹೆಸರು ಬಾಳೂ ಪಾಲವಣಕರ. ನಮ್ಮ ಓಣಿಯ ಹುಡುಗರು ದಿನಾ ಸಂಜೆ ಕ್ರಿಕೆಟ್ ಆಡುತ್ತಾರೆ. ಸಚಿನ್, ಧೋನಿ, ಕೊಹ್ಲಿ ಇವರ ರನ್ನು ಎಷ್ಟು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ನಮ್ಮ ಜನರೊಳಗಿಂದ ಎದ್ದು ದೇಶದ ಅತ್ಯಂತ ದೊಡ್ಡ ಬೌಲರ್ ಅನಿಸಿಕೊಂಡ ಈ ಮನುಷ್ಯನ ಹೆಸರು ಎಷ್ಟು ಮಂದಿಗೆ ಗೊತ್ತು?

ಬಾಳೂ ಅವರು ಹುಟ್ಟಿದ್ದು 1875-76ರ ಸುಮಾರಿಗೆ, ನಮ್ಮ ಧಾರವಾಡದಲ್ಲಿ. ಆಗ ಧಾರವಾಡ, ಸೊಲ್ಲಾಪುರ, ಪುಣೆ ಎಲ್ಲವೂ ಒಂದೇ ಮುಂಬಯಿ ಪ್ರಾಂತದಲ್ಲಿ ಇದ್ದವು. ಮನೆತನ ಚಾಂಭಾರರದು. ಕನ್ನಡದಾಗ ನಾವು ಸಮಗಾರರು ಅಂತೀವಲ್ಲ, ಅವರು. ಅಪ್ಪ ಸೈನ್ಯದ ಕೆಲಸದಲ್ಲಿ ಇದ್ದರು. ಮುಂದೆ ಕುಟುಂಬ ಪುಣೆಗೆ ಬಂತು. ಅಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡಿ ಬಿಟ್ಟ ಬ್ಯಾಟು, ಚೆಂಡುಗಳಿಂದಲೇ ಬಾಳೂ ಮತ್ತು ಅವರ ತಮ್ಮ ಶಿವರಾಮ ಆಟ ಕಲಿತರು. ಗಣಪತ, ವಿಠ್ಠಲ ಅಂತ ಮತ್ತೆ ಇಬ್ಬರು ತಮ್ಮಂದಿರು. ಮುಂದೆ ನಾಲ್ವರೂ ಹೆಸರಾಂತ ಆಟಗಾರರಾದರು.

ಬಡತನ ಇತ್ತು, ಶಾಲೆ ಮುಂದುವರಿಯಲಿಲ್ಲ. ಹುಡುಗ ಬಾಳೂ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ನಡುನಡುವೆ ಸದಸ್ಯರಿಗೆ ಚೆಂಡು ಎಸೆಯುವುದು. ತಿಂಗಳಿಗೆ 3 ರೂಪಾಯಿ ಪಗಾರ. 1892ರಲ್ಲಿ ಬಿಳಿಯರ ಪೂನಾ ಕ್ಲಬ್ಬಿಗೆ ಹೋದಾಗ ಅದು 4 ರೂಪಾಯಿ ಆಯಿತು. ಅಲ್ಲಿ ನೆಟ್ ಕಟ್ಟುವುದು, ಗೆರೆ ಎಳೆಯುವುದು ಅವನ ಕೆಲಸ. ಎಡಗೈಯಿಂದ ಅವನು ಹಾಕುವ ನಿಧಾನದ ಸ್ಪಿನ್ ಕಂಡ ಬಿಳಿಯರು ತಮ್ಮ ಅಭ್ಯಾಸಕ್ಕೆ ಬೌಲಿಂಗ್ ಮಾಡು ಅಂದರು. ಅವರೊಳಗೆ ಗ್ರೆಗ್ ಎಂಬ ಅಧಿಕಾರಿ ಆ ಕಾಲದ ದೊಡ್ಡ ಬ್ಯಾಟ್ಸಮನ್. ತನ್ನನ್ನು ಔಟ್ ಮಾಡಿದಾಗೊಮ್ಮೆ ಆತ ಬಾಳೂಗೆ 8 ಆಣೆ ಕೊಡುತ್ತಿದ್ದನಂತೆ. ತಿಂಗಳಿಗೆ 4 ರೂಪಾಯಿ ದುಡಿಯುವವನಿಗೆ 8 ಆಣೆ ಅಂದರೆ ಎಷ್ಟಾಯಿತು ಲೆಕ್ಕ ಹಾಕ್ರಿ. ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಪಗಾರ!

ಇಲ್ಲಿ ಒಂದು ಮಾತು ಗಮನಿಸಬೇಕು. ತಾಸುಗಟ್ಟಲೆ ಬೌಲಿಂಗ್ ಮಾಡಿಸಿಕೊಂಡ ಆ ಸಾಹೇಬರು ಬಾಳೂ ಕೈಗೆ ಒಂದು ದಿನವೂ ಬ್ಯಾಟ್ ಕೊಡಲಿಲ್ಲ. ಬೌಲಿಂಗ್ ಅಂದರೆ ಬಿಸಿಲಲ್ಲಿ ಬೆವರು ಸುರಿಸುವ ದುಡಿತ, ಬ್ಯಾಟಿಂಗ್ ಅಂದರೆ ಯಜಮಾನರ ಆಟ. ಕಬ್ಬು ಕಡಿಯುವವರು ಒಬ್ಬರು, ಕಾರ್ಖಾನೆಯ ಖುರ್ಚಿಯಲ್ಲಿ ಕೂಡುವವರು ಮತ್ತೊಬ್ಬರು ಅಂತ ನಮಗೆ ಗೊತ್ತಿರುವ ಲೆಕ್ಕವೇ ಇದು.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸಬೇಕೆಂಬ ಆಸೆ ಇತ್ತು. ಬಾಳೂ ಇಲ್ಲದೆ ಅದು ಆಗದ ಮಾತು. ಸೇರಿಸಿಕೊಳ್ಳಬೇಕೋ ಬೇಡವೋ ಅಂತ ಅವರೊಳಗೇ ಜಗಳವಾಯಿತು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಬಾಳೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಆದರೆ ಚಹಾದ ಹೊತ್ತಿಗೆ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು, ಬಾಳೂಗೆ ಹೊರಗೆ ಮಣ್ಣಿನ ಕುಡಿಕೆ. ಕುಡಿದು ಒಗೆದುಬಿಡಬೇಕು. ಮುಖ ತೊಳೆಯಬೇಕೆಂದರೆ ಮೈದಾನದ ಮೂಲೆಗೆ ಹೋಗಬೇಕು, ಅಲ್ಲಿ ಅಸ್ಪೃಶ್ಯ ಆಳೊಬ್ಬ ನೀರು ಹಾಕುತ್ತಿದ್ದ. ಊಟಕ್ಕೆ ಬೇರೆ ತಾಟು, ಬೇರೆ ಜಾಗ. ಹೋಟೆಲಿನ ಹೊರಗೆ ನಮ್ಮವರಿಗಾಗಿ ಬೇರೆ ಇಟ್ಟಿರುತ್ತಿದ್ದ ಕಪ್ಪು-ಬಸಿಯ ಕಥೆಯನ್ನು ನಮ್ಮ ಓಣಿಯ ಮುದುಕರ ಬಾಯಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಿಲ್ಲ. ಚೆಂಡಿಗೆ ಇಲ್ಲದ ಮೈಲಿಗೆ ಚಹಾಕ್ಕೆ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಹೇಳಲಿಲ್ಲ.

ಬಾಳೂ ಸುಮ್ಮನೆ ಬೌಲಿಂಗ್ ಮಾಡಿದರು, ವಿಕೆಟ್ ಮೇಲೆ ವಿಕೆಟ್ ತೆಗೆದರು. ಸಾತಾರಾದಲ್ಲಿ ಬಿಳಿಯರ ಜಿಮ್ಖಾನಾ ವಿರುದ್ಧದ ಮ್ಯಾಚಿನಲ್ಲಿ 7 ವಿಕೆಟ್ ಬಿದ್ದವು, ಹಿಂದೂ ತಂಡ ಗೆದ್ದಿತು. ಗೆದ್ದು ಬಂದ ಮೇಲೆ ಪುಣೆಯಲ್ಲಿ ಸನ್ಮಾನ ನಡೆಯಿತು. ಮಹಾದೇವ ಗೋವಿಂದ ರಾನಡೆಯವರು ಹಾರ ಹಾಕಿದರು. ಸಂಗಡ ಆಡುತ್ತೀರಿ ಅಂದ ಮೇಲೆ ಸಂಗಡ ಕುಂತು ಉಣ್ಣುವುದಕ್ಕೇನು ಅಡ್ಡಿ ಎಂಬ ಅರ್ಥದಲ್ಲಿ ಆಟಗಾರರಿಗೆ ಬುದ್ಧಿಯನ್ನೂ ಹೇಳಿದರು. ಇನ್ನೊಂದು ಸಭೆಯಲ್ಲಿ ಬಾಳ ಗಂಗಾಧರ ಟಿಳಕರೂ ಹೊಗಳಿದರು. ಹಾರ ಬಂತು, ಭಾಷಣ ಬಂತು. ಅವರ ಹೊಗಳಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಕೊರಳಿಗೆ ಹಾರ ಹಾಕಿದ ಊರಿನಲ್ಲೇ ಕೈಗೆ ಕುಡಿಕೆ ಕೊಡುವವರೂ ಇದ್ದರು ಅನ್ನುವುದನ್ನು ಮರೆಯಬಾರದು.

ಪ್ಲೇಗು ಪುಣೆಯನ್ನು ಹೊಕ್ಕ ಕಾಲಕ್ಕೆ ಕುಟುಂಬ ಮುಂಬಯಿಗೆ ಬಂತು. ಹಿಂದೂ ಜಿಮ್ಖಾನಾದಲ್ಲೂ ಮೊದಲು ವಿರೋಧ, ಆಮೇಲೆ ಪ್ರವೇಶ. ಬಿ.ಬಿ. ಅಂಡ್ ಸಿ.ಐ. ರೈಲ್ವೆಯಲ್ಲಿ ನೌಕರಿಯೂ ಆಯಿತು. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡಕ್ಕೂ ಬಿಳಿಯರ ತಂಡಕ್ಕೂ ದೊಡ್ಡ ಮ್ಯಾಚು ನಡೆಯಿತು. ಹಿಂದೂಗಳು 242 ಮತ್ತು 160, ಬಿಳಿಯರು 191 ಮತ್ತು 102. ಅಂದರೆ 109 ರನ್ನುಗಳ ಗೆಲುವು. ಎರಡೂ ಇನ್ನಿಂಗ್ಸ್ ಸೇರಿ ಬಾಳೂ ಅವರದು 8 ವಿಕೆಟ್. ತಮ್ಮ ಶಿವರಾಮನೂ ತಂಡದಲ್ಲಿದ್ದ. ದೇಶವನ್ನು ಆಳುವ ಮಂದಿಯನ್ನು ಅವರದೇ ಆಟದಲ್ಲಿ ಸೋಲಿಸಿದ್ದಕ್ಕೆ ಊರೂರುಗಳಲ್ಲಿ ಖುಷಿಯೋ ಖುಷಿ. ಅಷ್ಟೊತ್ತಿಗೆ ಮುಂಬಯಿಯ ಆಟಗಾರರು ಅಣ್ಣತಮ್ಮಂದಿರನ್ನು ಒಳಗೆ ಕರೆದು ಸಂಗಡ ಊಟಕ್ಕೆ ಕೂಡಿಸಿಕೊಳ್ಳುತ್ತಿದ್ದರು. ಹತ್ತು-ಹನ್ನೆರಡು ವರ್ಷ ವಿಕೆಟ್ ತೆಗೆದ ಮೇಲೆ ಒಂದು ತಾಟಿನ ಜಾಗ ಸಿಕ್ಕಿತು.

1911ರಲ್ಲಿ ಮೊದಲ ಸಲ ಎಲ್ಲ ಧರ್ಮದವರೂ ಕೂಡಿದ ಅಖಿಲ ಭಾರತ ತಂಡ ಇಂಗ್ಲಂಡಿಗೆ ಹೋಯಿತು. ಕ್ಯಾಪ್ಟನ್ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್. ತಂಡ ಬಹಳಷ್ಟು ಮ್ಯಾಚು ಸೋತಿತು. ಆದರೆ 35 ದಾಟಿದ, ಭುಜ ನೋಯುತ್ತಿದ್ದ ಬಾಳೂ ಒಬ್ಬರೇ ಆ ಪ್ರವಾಸದ ಎಲ್ಲ ಪಂದ್ಯಗಳಲ್ಲಿ ಸೇರಿ 114 ವಿಕೆಟ್ ತೆಗೆದರು. ರೋಲರ್ ಎಳೆಯುತ್ತಿದ್ದ ಹುಡುಗ ಇಂಗ್ಲಂಡಿನ ಪಿಚ್ ಮೇಲೆ ನಿಂತು ಅಲ್ಲಿಯವರನ್ನೇ ಒಬ್ಬೊಬ್ಬರಾಗಿ ಪೆವಿಲಿಯನ್ನಿಗೆ ಕಳಿಸಿದ.

ವಾಪಸ್ ಬಂದಾಗ ಮುಂಬಯಿಯ ನಮ್ಮ ಜನ ಸೇರಿ ಅವರಿಗೆ ಮಾನಪತ್ರ ಕೊಟ್ಟರು. ಆ ಮಾನಪತ್ರ ಬರೆದವರು ಯಾರು ಗೊತ್ತೇನು? ಆಗ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ, 20 ವರ್ಷದ ಭೀಮರಾವ್ ಅಂಬೇಡಕರರು ಎಂದು ಇತಿಹಾಸಕಾರರು ಬರೆದಿದ್ದಾರೆ. ನಾನೂ ಬಿ.ಎ. ಓದುವ ವಿದ್ಯಾರ್ಥಿ ಆದ್ದರಿಂದ ಇದನ್ನು ಓದಿದಾಗ ಮೈ ಜುಮ್ ಅಂತು. ನಮ್ಮ ಬಾಬಾಸಾಹೇಬರು ಇನ್ನೂ ಬಾಬಾಸಾಹೇಬರು ಆಗದೇ ಇದ್ದಾಗ, ಅವರ ಕಣ್ಣೆದುರು ಇದ್ದ ದೊಡ್ಡ ಮನುಷ್ಯ ಬಾಳೂ. ಮೇಲೆ ಬಂದವನನ್ನು ಕಂಡು ಹೊಟ್ಟೆಕಿಚ್ಚು ಪಡಲಿಲ್ಲ ಅವರು. ಪೆನ್ನು ಹಿಡಿದು ಹೊಗಳಿ ಬರೆದರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1907ರಿಂದ ಹಿಂದೂ, ಪಾರ್ಸಿ, ಯುರೋಪಿಯನ್ ತಂಡಗಳ ನಡುವೆ ವರ್ಷಾವರ್ಷ ಪಂದ್ಯಾವಳಿ ನಡೆಯುತ್ತಿತ್ತು. 1912ರಲ್ಲಿ ಮುಸ್ಲಿಂ ತಂಡವೂ ಸೇರಿತು. ಹಿಂದೂ ತಂಡದಲ್ಲಿ ಅನುಭವದಿಂದಾಗಲಿ ಸಾಧನೆಯಿಂದಾಗಲಿ ಬಾಳೂಗಿಂತ ದೊಡ್ಡವರು ಇರಲಿಲ್ಲ. ಅವರನ್ನೇ ಕ್ಯಾಪ್ಟನ್ ಮಾಡಬೇಕು ಎಂದು ಅನೇಕರು ಕೇಳಿದರು. ವರ್ಷ ವರ್ಷವೂ ಬೇರೆಯವರನ್ನೇ ಮಾಡಿದರು. 1913ರಲ್ಲಿ ಎಂ.ಡಿ. ಪೈ ಎಂಬ ಬ್ರಾಹ್ಮಣ ಆಟಗಾರ ಕ್ಯಾಪ್ಟನ್ ಆದರು. ಈ ಮಾನ ಬಾಳೂಗೆ ಸಲ್ಲಬೇಕಾಗಿತ್ತು ಎಂದು ಸ್ವತಃ ಪೈ ಅವರೇ ಸಭೆಯಲ್ಲಿ ಹೇಳಿದರು. ಅಂಥ ಒಳ್ಳೆಯವರೂ ಇದ್ದರು, ಅದನ್ನೂ ಹೇಳಬೇಕು. ಆದರೆ ಆಯ್ಕೆ ಮಾಡುವ ಮೇಜಿನ ಸುತ್ತ ಕುಂತವರ ಮನಸ್ಸು ಕರಗಲಿಲ್ಲ.

ಇವತ್ತು ನಮ್ಮ ಹುಡುಗ ಒಂದು ಪರೀಕ್ಷೆ ಪಾಸಾದರೆ, ಸವಲತ್ತಿನ ಮೇಲೆ ಬಂದವನು ಅಂತ ಒಂದು ಮಾತು ತಟ್ಟನೆ ಬರುತ್ತದೆ. ಕಾಲೇಜಿನಲ್ಲಿ ಈ ಮಾತನ್ನು ನಾನೂ ಕೇಳಿದ್ದೇನೆ, ನಿಮ್ಮಲ್ಲಿ ಬಹಳ ಮಂದಿ ಕೇಳಿದ್ದೀರಿ. ಮೆರಿಟ್ ಇದ್ದರೆ ಜಾತಿ ಅಡ್ಡ ಬರುವುದಿಲ್ಲ ಅಂತ ಬೋಧನೆಯನ್ನೂ ಮಾಡುತ್ತಾರೆ. ಅಂಥವರಿಗೆ ಬಾಳೂ ಕಥೆ ಹೇಳ್ರಿ. ಅವರ ಕಾಲದಲ್ಲಿ ಕ್ರಿಕೆಟ್ಟಿನಲ್ಲಿ ಯಾವ ಮೀಸಲಾತಿ ಇತ್ತು? ಸ್ಟಂಪ್ ಹಾರಿ ಬಿದ್ದ ಮೇಲೆ ಯಾವ ಸರ್ಟಿಫಿಕೇಟು ಬೇಕು? ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್, ಪ್ರತಿ ವಿಕೆಟಿಗೆ ಸುಮಾರು 15 ರನ್ನು. ಇದು ಮೆರಿಟ್ ಅಲ್ಲದಿದ್ದರೆ ಯಾವುದು ಮೆರಿಟ್? ಇಷ್ಟು ಇದ್ದರೂ ಕ್ಯಾಪ್ಟನ್ ಮಾಡಲಿಲ್ಲ. ನಮ್ಮವನ ಕೆಲಸ ಬೇಕು, ನಮ್ಮವನ ಮಾತು ಕೇಳಿ ನಡೆಯುವುದು ಬೇಡ. ವಿಕೆಟ್ ತೆಗೆದು ಕೊಡುವವನಿಗೆ ಚಪ್ಪಾಳೆ ಹೊಡೆಯಲು ಯಾರಿಗೂ ಏನೂ ಖರ್ಚಿಲ್ಲ. ಅವನು ಹೇಳಿದ ಜಾಗದಲ್ಲಿ ಹೋಗಿ ಫೀಲ್ಡಿಂಗ್ ನಿಲ್ಲಬೇಕು ಅಂದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1920ರಲ್ಲಿ ಈ ಜಗಳ ಬೀದಿಗೆ ಬಂತು. ಆ ವರ್ಷ ಮೊದಲ ಮ್ಯಾಚಿಗೆ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಕ್ಯಾಪ್ಟನ್ ಪೈ ಅವರಿಗೆ ಆರಾಮ ಇರಲಿಲ್ಲ. ಆಗಲಾದರೂ ಅನುಭವಿಗಳಾದ ಶಿವರಾಮ ಅಥವಾ ವಿಠ್ಠಲರನ್ನು ಮಾಡಬಹುದಿತ್ತು. ಮಾಡಲಿಲ್ಲ, ಪುಣೆಯ ಡಿ.ಬಿ. ದೇವಧರ ಅವರನ್ನು ಮಾಡಿದರು. ಆಗ ಶಿವರಾಮ, ವಿಠ್ಠಲ ಇಬ್ಬರೂ ತಂಡದಿಂದ ಹೊರಗೆ ಬಂದರು. ಜಾತಿಯ ಕಾರಣಕ್ಕೆ ತಮಗೆ ಅನ್ಯಾಯ ಆಗಿದೆ ಎಂದು ಪತ್ರ ಬರೆದು ಜನರ ಮುಂದೆ ಇಟ್ಟರು.

ಗೆಳೆಯರೇ, ನನಗೆ ಬಾಳೂ ಅವರ 114 ವಿಕೆಟ್ಟಿಗಿಂತ ಇದು ದೊಡ್ಡದು ಅನಿಸುತ್ತದೆ. ತಮ್ಮಂದಿರಿಬ್ಬರ ಜಾಗ ತಂಡದಲ್ಲಿ ಗಟ್ಟಿ ಇತ್ತು. ಅಣ್ಣನ ಕಾಲ ಮುಗಿಯಿತು, ಇನ್ನು ನಮ್ಮ ಪಾಳಿ ಅಂತ ಅವರು ಸುಮ್ಮನಿರಬಹುದಿತ್ತು. ಎಷ್ಟು ಮನೆಗಳಲ್ಲಿ, ಎಷ್ಟು ಓಣಿಗಳಲ್ಲಿ ಹಂಗೇ ಆಗುತ್ತದೆ ಅಲ್ಲೇನು? ಅವರು ಸಿಕ್ಕಿದ್ದ ಜಾಗ ಬಿಟ್ಟು ಬಂದು ಅಣ್ಣನ ಬೆನ್ನಿಗೆ ನಿಂತರು. ಜನರ ಒತ್ತಡ ಜೋರಾಯಿತು. ಪಾರ್ಸಿಗಳ ವಿರುದ್ಧದ ಫೈನಲ್ಲಿಗೆ ಅಣ್ಣತಮ್ಮಂದಿರನ್ನು ವಾಪಸ್ ಕರೆದರು, ಬಾಳೂ ಅವರನ್ನು ಉಪನಾಯಕ ಮಾಡಿದರು. ಆಟದ ನಡುವೆ ಪೈ ಮೈದಾನ ಬಿಟ್ಟು ಹೋದಾಗ ಸ್ವಲ್ಪ ಹೊತ್ತು ಬಾಳೂ ಅವರೇ ತಂಡವನ್ನು ನಡೆಸಿದರು. ಜೀವಮಾನದ ದುಡಿಮೆಗೆ ಸಿಕ್ಕ ನಾಯಕತ್ವ ಅಷ್ಟೇ.

ಆದರೆ ಅಣ್ಣನಿಗೆ ತೆರೆಯದ ಬಾಗಿಲು ತಮ್ಮನಿಗೆ ತೆರೆಯಿತು. 1923ರಲ್ಲಿ ವಿಠ್ಠಲ ಪಾಲವಣಕರ ಹಿಂದೂ ತಂಡದ ಕ್ಯಾಪ್ಟನ್ ಆದರು. ಆ ವರ್ಷ ಪಂದ್ಯಾವಳಿ ಗೆದ್ದರು. ಗೆದ್ದ ಮೇಲೆ ಮಂದಿ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುಟ್ಟಬಾರದು ಅಂದ ಜಾತಿಯವನನ್ನು ಹೆಗಲಿಗೆ ಏರಿಸಿಕೊಂಡರು. ಒಬ್ಬರು ತಳ್ಳಿ ತಳ್ಳಿ ಸಡಿಲ ಮಾಡಿದ ಬಾಗಿಲಲ್ಲಿ ಮತ್ತೊಬ್ಬರು ಒಳಗೆ ಹೋದರು.

ಇಲ್ಲಿಗೆ ಮುಗಿಸಿದ್ದರೆ ಚೊಕ್ಕ ಕಥೆ ಆಗುತ್ತಿತ್ತು. ಆದರೆ ಪೂರ್ತಿ ಹೇಳದೆ ಬಿಟ್ಟರೆ ಮೋಸ ಆಗುತ್ತದೆ. ಬಾಳೂ ಮುಂದೆ ರಾಜಕೀಯಕ್ಕೆ ಬಂದರು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆ ಎದ್ದಾಗ ಅವರು ಬಾಬಾಸಾಹೇಬರ ಕಡೆಗೆ ಇರಲಿಲ್ಲ. ಎಂ.ಸಿ. ರಾಜಾ ಅವರ ಜೊತೆ ಜಂಟಿ ಕ್ಷೇತ್ರದ ಪರವಾಗಿ ಇದ್ದರು. ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ನಿಲ್ಲಿಸಿದ್ದು ಯಾರ ಎದುರಿಗೆ? ಡಾ. ಬಾಬಾಸಾಹೇಬ ಅಂಬೇಡಕರರ ಎದುರಿಗೇ. ಬಾಬಾಸಾಹೇಬರಿಗೆ 13,245 ಮತ, ಬಾಳೂಗೆ 11,225. ನಮ್ಮ ಜನ ಸರಿಯಾದವರನ್ನೇ ಆರಿಸಿದರು, ಅದರಲ್ಲಿ ನನಗೆ ಎಳ್ಳಷ್ಟು ಅನುಮಾನ ಇಲ್ಲ.

ಬಾಳೂ ಯಾಕೆ ಆ ದಾರಿ ಹಿಡಿದರು? ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ನೀವು ಒಪ್ಪದಿದ್ದರೂ ಸರಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂದೂ ಎಂಬ ಹೆಸರಿನ ತಂಡಕ್ಕೆ ಅವರು ಆಡಿದರು. ಕುಡಿಕೆ ಹೋಗಿ ಕಪ್ಪು ಬಂದದ್ದನ್ನು, ಕಪ್ಪಿನಿಂದ ತಾಟು, ತಾಟಿನಿಂದ ತಮ್ಮನ ನಾಯಕತ್ವ ಬಂದದ್ದನ್ನು ಕಣ್ಣಾರೆ ಕಂಡರು. ನಿಧಾನಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿರಬೇಕು. ಬಾಬಾಸಾಹೇಬರು ಲೆಕ್ಕ ಹಾಕಿದ್ದು ಬೇರೆ. ಎಡಗೈಯಲ್ಲಿ ಆ ಜಾದೂ ಇದ್ದವನಿಗೆ ಒಂದು ಕಪ್ಪಿಗಾಗಿ ಇಷ್ಟು ವರ್ಷ ಹಿಡಿದರೆ, ಆ ಜಾದೂ ಇಲ್ಲದ ಕೋಟಿಗಟ್ಟಲೆ ಮಂದಿಯ ಗತಿ ಏನು? ಊರ ಕೆರೆಯ ನೀರು ಕುಡಿಯಲು ಒಬ್ಬ ಮನುಷ್ಯ 114 ವಿಕೆಟ್ ತೆಗೆಯಬೇಕೇನು? ಹಕ್ಕು ಬೇಕು, ಯಾರದೋ ಮೆಚ್ಚುಗೆಯಿಂದ ಬರುವ ದಯೆ ಅಲ್ಲ. ಬಾಳೂ ಬದುಕನ್ನು ಓದಿದ ಮೇಲೆಯೇ ಬಾಬಾಸಾಹೇಬರ ಈ ವಾದ ನನಗೆ ಇನ್ನಷ್ಟು ಚೆನ್ನಾಗಿ ತಿಳಿಯಿತು.

ಬಾಳೂ ಪಾಲವಣಕರ 1955ರ ಜುಲೈಯಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಆಮೇಲೆ ಅವರನ್ನು ಎರಡೂ ಕಡೆಯವರು ಮರೆತರು. ರಾಜ ಮನೆತನದ ರಣಜಿಯವರ ಹೆಸರಿನಲ್ಲಿ ಟ್ರೋಫಿ ಬಂತು. 1920ರಲ್ಲಿ ಕ್ಯಾಪ್ಟನ್ ಆದ ದೇವಧರರ ಹೆಸರಿನಲ್ಲೂ ಬಂತು. ಅವರೂ ದೊಡ್ಡ ಆಟಗಾರರೇ, ಬರಲಿ. ಬಾಳೂ ಹೆಸರಿನಲ್ಲಿ ಅಂಥ ರಾಷ್ಟ್ರೀಯ ಟ್ರೋಫಿ ಒಂದೂ ಇಲ್ಲ. 2002ರಲ್ಲಿ ರಾಮಚಂದ್ರ ಗುಹಾ ಅವರು ಇಂಗ್ಲಿಷಿನಲ್ಲಿ ಭಾರತೀಯ ಕ್ರಿಕೆಟ್ಟಿನ ಇತಿಹಾಸ ಬರೆದ ಮೇಲೆ ದೇಶದ ಮಂದಿಗೆ ಈ ಹೆಸರು ಮತ್ತೆ ಕೇಳಿಸಿತು. ಮೇಲಿನವರು ಮರೆತದ್ದು ಯಾಕೆ ಅಂತ ಗೊತ್ತೇ ಅದ. ನಾವು ಯಾಕೆ ಮರೆತೆವು? ಬಾಬಾಸಾಹೇಬರ ಎದುರಿಗೆ ನಿಂತರು ಅಂತ. ಒಂದು ಚುನಾವಣೆಯ ಸಿಟ್ಟಿನಲ್ಲಿ ಒಂದಿಡೀ ಜೀವಮಾನದ ದುಡಿಮೆಯನ್ನು ಅಳಿಸಿಬಿಡುವುದು ಸರಿಯೇ? ಚುನಾವಣೆಯಲ್ಲಿ ತಪ್ಪು ದಾರಿ ಹಿಡಿದರು ಅಂತಲೂ ಹೇಳೋಣ, ಮೈದಾನದಲ್ಲಿ ನಮ್ಮ ತಲೆ ಎತ್ತಿಸಿದರು ಅಂತಲೂ ಹೇಳೋಣ. ಎರಡೂ ಖರೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಮ್ಮೊಳಗೂ ಈ ಚಾಳಿ ಅದ. ಓಣಿಯ ಹುಡುಗಿ ನರ್ಸಿಂಗ್ ಮುಗಿಸಿ ನೌಕರಿ ಹಿಡಿದರೆ ಮೊದಲನೆಯ ವಾರ ಪೇಢೆ ತಿಂತೀವಿ, ಎರಡನೆಯ ವಾರ ಆಕೆಯ ನಡತೆಯ ಮಾತು ತೆಗೀತೀವಿ. ಪುಣೆಗೆ ಹೋದ ಹುಡುಗ ಹಬ್ಬಕ್ಕೆ ಬರದಿದ್ದರೆ ದೊಡ್ಡವನಾದ, ನಮ್ಮನ್ನು ಮರೆತ ಅಂತೀವಿ. ಬಂದರೆ ತೋರಿಸಿಕೊಳ್ಳಲು ಬಂದ ಅಂತೀವಿ. ಹಣ್ಣು ಬಿಟ್ಟ ಮರಕ್ಕೇ ಕಲ್ಲು ಬೀಳುವುದು ಹೌದು. ಆದರೆ ಆ ಕಲ್ಲು ನಮ್ಮ ಅಂಗಳದಿಂದ ಹಾರಬಾರದು. ಮೇಲೆ ಹೋದವರಿಗೂ ಒಂದು ಮಾತು ಸಲ್ಲುತ್ತದೆ. ಹೊರಗಿನ ಹಾರ, ಶಾಲು, ಫೋಟೋ ಸಿಕ್ಕ ಕೂಡಲೇ ಎಲ್ಲ ಸರಿಹೋಯಿತು ಅಂತ ತಿಳಿಯಬಾರದು. ಹಾರ ಹಾಕಿದವರು ನಿಮ್ಮ ಮಾತು ಕೇಳುತ್ತಾರೋ ಇಲ್ಲವೋ, ನಿಮ್ಮ ಹಿಂದೆ ಬರುವವರಿಗೆ ಬಾಗಿಲು ತೆರೆದದೋ ಇಲ್ಲವೋ, ಅದನ್ನು ನೋಡಬೇಕು.

ಕೊನೆಗೆ ಮಂಡಳದ ಪದಾಧಿಕಾರಿಗಳಿಗೆ ನನ್ನ ಒಂದು ಸೂಚನೆ. ಏಪ್ರಿಲ್ 14ರ ಜಯಂತಿಯ ಹೊತ್ತಿಗೆ ನಡೆಯುವ ಕ್ರಿಕೆಟ್ ಪಂದ್ಯಗಳಲ್ಲಿ ಉತ್ತಮ ಬೌಲರ್‌ಗೆ ಕೊಡುವ ಬಹುಮಾನಕ್ಕೆ ಬಾಳೂ ಪಾಲವಣಕರ ಅವರ ಹೆಸರು ಇಡೋಣ. ಹಿರಿಯರಲ್ಲಿ ಕೆಲವರು ಒಪ್ಪಲಿಕ್ಕಿಲ್ಲ. ಜಯಂತಿಯ ದಿನ, ಅದೇ ಬಾಬಾಸಾಹೇಬರ ಎದುರಿಗೆ ನಿಂತವನ ಹೆಸರೇ ಅಂತ ಕೇಳಬಹುದು. ಅವರಿಗೆ ನಾನು ಕೈ ಮುಗಿದು ಹೇಳುವುದು ಇಷ್ಟೇ: ಬಾಳೂ ಅವರಿಗೆ ಮಾನಪತ್ರ ಬರೆದವರು ಬಾಬಾಸಾಹೇಬರೇ. ನಾವು ಒಂದು ಸಣ್ಣ ಕಪ್ ಕೊಟ್ಟರೆ ತಪ್ಪೇನಿಲ್ಲ. ಕಪ್ಪಿನ ಮೇಲೆ ಹೆಸರು ಕೆತ್ತಿಸುವ ಖರ್ಚಿಗೆ ನನ್ನ ಸ್ಕಾಲರ್‌ಶಿಪ್ಪಿನಿಂದ ನಾನೂ ಸ್ವಲ್ಪ ಕೊಡುತ್ತೇನೆ. ಕಾರ್ಯಕಾರಿ ಸಭೆಯಲ್ಲಿ ಈ ವಿಷಯ ತೆಗೀರಿ.

ಜೈ ಭೀಮ್.